ಸುದ್ದಿಗಿಂತ ಮೊದಲೇ ಬರುವ ಬೆಂಕಿ

ಒಂದು ಗ್ರಾಂ ಬೆಲ್ಲದಲ್ಲಿ ಸುಮಾರು 4 ಕಿಲೋಕ್ಯಾಲರಿ ಶಕ್ತಿ ಇದೆ. ಕಡಲೆಕಾಯಿ ಎಣ್ಣೆಯಲ್ಲಿ 9. ಬಾಂಬುಗಳ ಬಲ ಅಳೆಯಲು ಜಗತ್ತೆಲ್ಲ ಮಾಪನವಾಗಿ ಇಟ್ಟುಕೊಂಡಿರುವ ಟಿಎನ್‌ಟಿಯಲ್ಲಿ ಎಷ್ಟು? ಗ್ರಾಂಗೆ ಒಂದೇ ಒಂದು ಕಿಲೋಕ್ಯಾಲರಿ.

ಮೊದಲ ಸಲ ಈ ಲೆಕ್ಕ ಕಂಡಾಗ ನಾನು ಅಚ್ಚಿನ ತಪ್ಪಿರಬೇಕೆಂದುಕೊಂಡಿದ್ದೆ. ತಪ್ಪಲ್ಲ. ಒಂದು ಅಚ್ಚು ಬೆಲ್ಲಕ್ಕೆ ಇರುವಷ್ಟು ಶಕ್ತಿ ಅಷ್ಟೇ ತೂಕದ ಟಿಎನ್‌ಟಿಗೆ ಇಲ್ಲ, ಕಾಲು ಭಾಗ ಮಾತ್ರ. ಹಾಗಿದ್ದರೂ ಒಂದು ಬಂಡೆಯನ್ನು ಸೀಳುತ್ತದೆ, ಇನ್ನೊಂದು ಹೋಳಿಗೆಯ ಹೂರಣವಾಗುತ್ತದೆ. ವ್ಯತ್ಯಾಸ ಇರುವುದು ಶಕ್ತಿಯಲ್ಲಲ್ಲ, ಆ ಶಕ್ತಿ ಹೊರಬರಲು ಹಿಡಿಯುವ ಸಮಯದಲ್ಲಿ. ಒಂದು ಕಿಲೋ ಟಿಎನ್‌ಟಿಯನ್ನು ಗಟ್ಟಿ ಘನವಾಗಿ ಮಾಡಿದರೆ ಅದರ ಬದಿ ಎಂಟೂವರೆ ಸೆಂಟಿಮೀಟರ್ ಆದೀತು. ಅದರ ಒಂದು ಮುಖದಲ್ಲಿ ಹುಟ್ಟಿದ ಸ್ಫೋಟದ ಅಲೆ ಸೆಕೆಂಡಿಗೆ ಸುಮಾರು 6,900 ಮೀಟರ್ ವೇಗದಲ್ಲಿ ಓಡಿ ಎದುರಿನ ಮುಖ ಮುಟ್ಟಲು ತೆಗೆದುಕೊಳ್ಳುವುದು ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ 12 ಭಾಗ. ಶಕ್ತಿಯನ್ನು ಆ ಸಮಯದಿಂದ ಭಾಗಿಸಿ ನೋಡಿ: ಸುಮಾರು 340 ಗಿಗಾವ್ಯಾಟ್. 2024ರ ಮೇ ತಿಂಗಳ ಉರಿಬಿಸಿಲಿನಲ್ಲಿ ಇಡೀ ಭಾರತದ ವಿದ್ಯುತ್ ಬೇಡಿಕೆ ದಾಖಲೆ ಮಟ್ಟಕ್ಕೆ ಏರಿದಾಗ ಅದು 250 ಗಿಗಾವ್ಯಾಟ್ ಆಗಿತ್ತು.

2021ರ ಜನವರಿ 21ರ ರಾತ್ರಿ, ಹತ್ತು ಗಂಟೆ ದಾಟಿದ ಮೇಲೆ, ಶಿವಮೊಗ್ಗದ ಜನ ಮನೆಬಿಟ್ಟು ಬೀದಿಗೆ ಓಡಿ ಬಂದರು. ಪಾತ್ರೆಗಳು ಉರುಳಿದ್ದವು, ಕಿಟಕಿ ಗಾಜುಗಳು ಬಿರಿದಿದ್ದವು. ಭೂಕಂಪ ಎಂದೇ ಎಲ್ಲರೂ ನಂಬಿದರು. ಪಕ್ಕದ ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳವರಿಗೂ ಸದ್ದು ಕೇಳಿತ್ತು. ಸ್ಫೋಟ ನಡೆದದ್ದು ಹುಣಸೋಡಿನ ಕಲ್ಲು ಕ್ವಾರಿಯ ಬಳಿ, ಜಿಲೆಟಿನ್ ಕಡ್ಡಿ ತುಂಬಿದ್ದ ವಾಹನದಲ್ಲಿ. ಕನಿಷ್ಠ ಐವರು ಸತ್ತರು. ತಿಂಗಳು ಕಳೆದ ಬೆನ್ನಿಗೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಅದೇ ಬಗೆಯ ಸಾವುಗಳಾದವು. ಆ ವಾರಗಳಲ್ಲಿ ಪರವಾನಗಿ, ಅಕ್ರಮ, ಅಮಾನತುಗಳ ಸುದ್ದಿ ಬೇಕಾದಷ್ಟು ಬಂತು, ಬರಬೇಕಾದದ್ದೇ. ಆದರೆ ಆ ಕಡ್ಡಿಗಳ ಒಳಗೆ ಏನಾಯಿತು ಎನ್ನುವುದನ್ನು ಯಾರೂ ಬಿಡಿಸಿ ಹೇಳಲಿಲ್ಲ. ಅದನ್ನು ತಿಳಿಯುವ ಹಕ್ಕು ಕ್ವಾರಿಯ ಪಕ್ಕದಲ್ಲಿ ಮಲಗುವವರಿಗೆ ಎಲ್ಲರಿಗಿಂತ ಹೆಚ್ಚಾಗಿ ಇದೆ.

ನಾವು ಎಲ್ಲಕ್ಕೂ ‘ಸ್ಫೋಟ’ ಎಂದುಬಿಡುತ್ತೇವೆ. ಕುಕ್ಕರ್ ಸಿಡಿದರೂ ಸ್ಫೋಟ, ಪಟಾಕಿ ಹೊಡೆದರೂ ಸ್ಫೋಟ, ಜಿಲೆಟಿನ್ ಹಾರಿದರೂ ಸ್ಫೋಟ. ಭೌತವಿಜ್ಞಾನದ ಕಣ್ಣಿಗೆ ಇವು ಬೇರೆ ಬೇರೆ ಕುಲದವು. ಕುಕ್ಕರಿನದು ಬರೀ ಹಬೆಯ ಒತ್ತಡ, ಅಲ್ಲಿ ಬೆಂಕಿಗೆ ಪಾತ್ರವೇ ಇಲ್ಲ. ಪಟಾಕಿಯ ಕರಿಮದ್ದಿನದು ಉರಿ. ಎಷ್ಟೇ ರಭಸದ್ದಾದರೂ ಅದು ಜ್ವಾಲೆಯೇ. ಮೂರನೆಯದನ್ನು ವಿಜ್ಞಾನಿಗಳು ಡೆಟೊನೇಷನ್ ಎನ್ನುತ್ತಾರೆ.

ಜ್ವಾಲೆ ನಡೆಯುವ ರೀತಿ ದೀಪೋತ್ಸವದ ರೀತಿ. ಒಬ್ಬರ ಹಣತೆಯಿಂದ ಪಕ್ಕದವರು ಹೊತ್ತಿಸಿಕೊಳ್ಳುತ್ತಾರೆ, ಅವರಿಂದ ಮುಂದಿನವರು. ಉರಿಯುವ ಪದರದ ಬಿಸಿ ಪಕ್ಕದ ತಣ್ಣನೆಯ ಪದರಕ್ಕೆ ಹರಿಯಬೇಕು, ಅದು ಕಾಯಬೇಕು, ಆಮೇಲೆ ಹೊತ್ತಿಕೊಳ್ಳಬೇಕು. ಬಿಸಿ ಹರಿಯುವುದು ನಿಧಾನ. ಅಡುಗೆ ಅನಿಲ ಗಾಳಿಯೊಂದಿಗೆ ಹದವಾಗಿ ಬೆರೆತು ನಿಶ್ಚಲವಾಗಿರುವಾಗ ಜ್ವಾಲೆ ಆ ಮಿಶ್ರಣವನ್ನು ತಿನ್ನುತ್ತ ಸಾಗುವ ವೇಗ ಸೆಕೆಂಡಿಗೆ ಅರ್ಧ ಮೀಟರಿಗೂ ಕಡಿಮೆ, ಅಂಬೆಗಾಲಿಡುವ ಮಗುವಿನಷ್ಟು. ಬೆಂದ ಅನಿಲ ಏಳೆಂಟು ಪಟ್ಟು ಹಿಗ್ಗಿ ಬೆನ್ನಹಿಂದಿನಿಂದ ತಳ್ಳುವುದರಿಂದ ನಮ್ಮ ಕಣ್ಣಿಗೆ ಅದು ಇನ್ನೂ ವೇಗವಾಗಿ ಕಾಣುತ್ತದೆ, ಅಷ್ಟೆ. ಅಲ್ಲದೆ ಜ್ವಾಲೆ ಎಬ್ಬಿಸುವ ಒತ್ತಡ ಶಬ್ದದ ವೇಗದಲ್ಲಿ, ಸೆಕೆಂಡಿಗೆ 340 ಮೀಟರಿನಂತೆ, ಅದರ ಮುಂದೆ ಓಡುತ್ತಿರುತ್ತದೆ. ಮುಂದಿರುವ ಗಾಳಿಗೆ ಅದು ಡಂಗುರ: ಬೆಂಕಿ ಬರುತ್ತಿದೆ, ಸರಿದುಕೊಳ್ಳಿ. ಗಾಳಿ ಸರಿಯುತ್ತದೆ, ಒತ್ತಡ ಹಂಚಿಹೋಗುತ್ತದೆ.

ಡೆಟೊನೇಷನ್ ಎಂದರೆ ಡಂಗುರದವನಿಗಿಂತ ಮೊದಲೇ ದಂಡು ಊರಿಗೆ ನುಗ್ಗಿದಂತೆ. ಇಲ್ಲಿ ಬಿಸಿ ಹರಿದು ಹೋಗುವುದಿಲ್ಲ. ಮುಂದೆ ಆಘಾತ ತರಂಗ, ಅದರ ನೆರಳಿಗೇ ಅಂಟಿಕೊಂಡು ಬೆಂಕಿ. ಸೈಕಲ್ ಪಂಪು ಹೊಡೆಯುವಾಗ ಅದರ ಬುಡ ಬಿಸಿಯಾಗುವುದನ್ನು ಕೈಯಿಟ್ಟು ನೋಡಿದವರಿಗೆ ಗೊತ್ತು, ಒತ್ತಿದ ಗಾಳಿ ಕಾಯುತ್ತದೆ. ಹೈಡ್ರೋಜನ್ ಮತ್ತು ಗಾಳಿಯ ಮಿಶ್ರಣದಲ್ಲಿ ಈ ಅಲೆ ಸೆಕೆಂಡಿಗೆ ಸುಮಾರು 1,970 ಮೀಟರ್ ಓಡುತ್ತದೆ. ಅದರ ತುದಿಯ ಹೊಡೆತಕ್ಕೆ ಅನಿಲದ ಒತ್ತಡ ಕ್ಷಣಾರ್ಧವೂ ಅಲ್ಲದ ಕಾಲದಲ್ಲಿ 27 ಪಟ್ಟು ಏರುತ್ತದೆ, ಉಷ್ಣತೆ 1,200 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಷ್ಟು ಬಿಸಿಯಲ್ಲಿ ಮಿಶ್ರಣಕ್ಕೆ ಕಿಡಿಯೇ ಬೇಡ, ತಾನಾಗಿ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡದ್ದು ಹಿಗ್ಗಿ ಆಘಾತವನ್ನು ಮುಂದಕ್ಕೆ ತಳ್ಳುತ್ತದೆ. ಆಘಾತ ಬೆಂಕಿಯನ್ನು ಹುಟ್ಟಿಸುತ್ತದೆ, ಬೆಂಕಿ ಆಘಾತವನ್ನು ಸಾಕುತ್ತದೆ.

ಉರಿಗೂ ಡೆಟೊನೇಷನ್‌ಗೂ ಇರುವ ವ್ಯತ್ಯಾಸಕ್ಕೆ ಸಾಕ್ಷಿ ನಮ್ಮಲ್ಲೇ ಇದೆ. ಹುಣಸೋಡು ಇರುವ ಜಿಲ್ಲೆಯಲ್ಲೇ, ಹೊಸನಗರ ತಾಲ್ಲೂಕಿನ ನಗರದಲ್ಲಿ, 2018ರಲ್ಲಿ ಪಾಳುಬಾವಿಯೊಂದರಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ಆ ಕಬ್ಬಿಣದ ಕೊಳವೆಗಳಲ್ಲಿ ತುಂಬಿದ್ದದ್ದು ಕರಿಮದ್ದು. ಅದು ಉರಿಯುವ ಮದ್ದಾದ್ದರಿಂದಲೇ ಅಂಥ ಕೊಳವೆ ಒತ್ತಡ ತಡೆದು ಹಾರುತ್ತಿತ್ತು. ಮದ್ದು ಡೆಟೊನೇಟ್ ಆಗುವಂಥದ್ದಾಗಿದ್ದರೆ ಹಾರಲು ಕೊಳವೆಯೇ ಉಳಿಯುತ್ತಿರಲಿಲ್ಲ.

ಡೆಟೊನೇಷನ್ ಎಂಬ ಅಲೆಯೊಂದು ಇದೆ ಎಂದು ತಿಳಿದದ್ದು ಗಣಿಗಳ ಸಾವಿನಿಂದ. ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಕಲ್ಲಿದ್ದಲ ಸುರಂಗಗಳ ಮೀಥೇನ್ ಮತ್ತೆ ಮತ್ತೆ ಹೊತ್ತಿಕೊಂಡು ಕಾರ್ಮಿಕರನ್ನು ಕೊಲ್ಲುತ್ತಿತ್ತು. ಬೆಂಕಿ ಎಷ್ಟು ವೇಗವಾಗಿ ಓಡುತ್ತದೆ ಎಂದು ಅಳೆಯಹೊರಟ ವಿಜ್ಞಾನಿಗಳ ಎರಡು ಜೋಡಿಗಳು, ಬರ್ತೆಲೊ ಮತ್ತು ವಿಯೇ ಒಂದು ಕಡೆ, ಮಲಾರ್ ಮತ್ತು ಲ ಶಾತೆಲಿಯೆ ಇನ್ನೊಂದು ಕಡೆ, 1881ರಲ್ಲಿ ಒಂದೇ ಸಂಗತಿಗೆ ಎಡವಿದವು. ಕೊಳವೆಯಲ್ಲಿ ತುಂಬಿದ ಅನಿಲದಲ್ಲಿ ಜ್ವಾಲೆ ಮೊದಲು ಮೆಲ್ಲಗೆ ಹೊರಡುತ್ತದೆ, ಆಮೇಲೆ ಓಡುತ್ತದೆ, ಎಲ್ಲೋ ಒಂದು ಕಡೆ ಇದ್ದಕ್ಕಿದ್ದಂತೆ ಸೆಕೆಂಡಿಗೆ ಸಾವಿರಾರು ಮೀಟರ್ ವೇಗಕ್ಕೆ ನೆಗೆದುಬಿಡುತ್ತದೆ. ಹೈಡ್ರೋಜನ್ ಮತ್ತು ಶುದ್ಧ ಆಮ್ಲಜನಕದ ಮಿಶ್ರಣದಲ್ಲಿ ಸೆಕೆಂಡಿಗೆ ಸುಮಾರು 2,800 ಮೀಟರ್. ವಿಚಿತ್ರವೆಂದರೆ ನೆಗೆದ ಮೇಲೆ ಆ ವೇಗ ಬದಲಾಗುತ್ತಲೇ ಇರಲಿಲ್ಲ. ಕೊಳವೆ ಸೀಸದ್ದಾಗಲಿ ರಬ್ಬರಿನದ್ದಾಗಲಿ, ನೆಟ್ಟಗಿರಲಿ ಬಾಗಿರಲಿ, ಅಷ್ಟೇ ವೇಗ.

ಯಾಕೆ ಅಷ್ಟೇ? ಉತ್ತರಕ್ಕೆ ಸಮೀಪ ಮೊದಲು ಬಂದವರು ರಷ್ಯಾದ ಮಿಖೆಲ್ಸನ್. ಅದನ್ನು ಗಟ್ಟಿಯಾಗಿ ನಿಲ್ಲಿಸಿದವರು ಇಂಗ್ಲೆಂಡಿನ ಚಾಪ್ಮನ್, 1899ರಲ್ಲಿ, ಮತ್ತು ಕೆಲವೇ ವರ್ಷಗಳ ನಂತರ ಫ್ರಾನ್ಸಿನ ಜೂಗೆ. ಅವರ ಸಮೀಕರಣಗಳನ್ನು ಬದಿಗಿಟ್ಟು ಹೇಳುವುದಾದರೆ, ಅಲೆಯ ಮೇಲೆ ಕೂತು ಹಿಂದೆ ತಿರುಗಿ ನೋಡಿದರೆ ಬೆಂದ ಅನಿಲ ನಮ್ಮಿಂದ ದೂರ ಸರಿಯುವ ವೇಗ ಆ ಅನಿಲದೊಳಗಿನ ಶಬ್ದದ ವೇಗಕ್ಕೆ ಸರಿಸಮ. ಆದ್ದರಿಂದ ಹಿಂದೆ ಏನೇ ಆಗಲಿ, ಕೊಳವೆ ಒಡೆಯಲಿ, ಒತ್ತಡ ಸೋರಲಿ, ಆ ಸುದ್ದಿ ಎಷ್ಟು ಓಡಿದರೂ ಅಲೆಯನ್ನು ಮುಟ್ಟಲಾರದು. ಮುಂದಿನವರಿಗೆ ಅಲೆಯ ಸುದ್ದಿ ಇಲ್ಲ, ಅಲೆಗೆ ಹಿಂದಿನವರ ಸುದ್ದಿ ಇಲ್ಲ. ತನ್ನ ಮಿಶ್ರಣದ ರಸಾಯನ ಒಂದನ್ನೇ ನೆಚ್ಚಿಕೊಂಡು ಅದು ಓಡುತ್ತದೆ. ಭೌತವಿಜ್ಞಾನದಲ್ಲಿ ನನಗೆ ಬಹಳ ಇಷ್ಟವಾದ ವಿವರಣೆಗಳಲ್ಲಿ ಇದೊಂದು.

ಅಲೆಯ ಒಳಗಿನ ರಚನೆಯನ್ನು ಬಿಡಿಸಿದ ಕಥೆ ಎರಡನೆಯ ಮಹಾಯುದ್ಧದ್ದು. 1940ರಲ್ಲಿ ಸೋವಿಯತ್ ದೇಶದ ಜೆಲ್ಡೊವಿಚ್, 1942ರಲ್ಲಿ ಅಮೆರಿಕದಲ್ಲಿದ್ದ ಫಾನ್ ನಾಯ್ಮನ್, 1943ರಲ್ಲಿ ಜರ್ಮನಿಯ ಡೋರಿಂಗ್ ಒಂದೇ ಚಿತ್ರವನ್ನು ಬರೆದರು: ಮೊದಲು ಆಘಾತ, ಆಮೇಲೆ ಒಂದಿಷ್ಟು ಬಿಡುವು, ಆ ಬಿಡುವಿನಲ್ಲಿ ಕಾದ ಅನಿಲ ಇನ್ನೂ ಹೊತ್ತಿಕೊಂಡಿರುವುದಿಲ್ಲ, ಆಮೇಲೆ ಬೆಂಕಿ. ಯುದ್ಧದಲ್ಲಿ ತೊಡಗಿದ್ದ ಮೂರು ದೇಶಗಳ ಮೂವರು, ಒಬ್ಬರ ಬರಹ ಇನ್ನೊಬ್ಬರಿಗೆ ತಲುಪದಿದ್ದ ಕಾಲದಲ್ಲಿ. ಈ ಮಾದರಿಗೆ ಇಂದಿಗೂ ಮೂವರ ಹೆಸರೂ ಇದೆ.

ಚಿತ್ರ ಅಚ್ಚುಕಟ್ಟಾಗಿತ್ತು. ನಿಸರ್ಗ ಅಷ್ಟು ಅಚ್ಚುಕಟ್ಟಲ್ಲ ಎಂದು ತೋರಿಸಿದ್ದು ಕಾಡಿಗೆ. ಹರಳೆಣ್ಣೆ ದೀಪದ ಮೇಲೆ ತಟ್ಟೆ ಬೋರಲು ಹಾಕಿ ಅಜ್ಜಿಯಂದಿರು ಕಾಡಿಗೆ ಕಟ್ಟುತ್ತಿದ್ದರಲ್ಲ, ಪ್ರಯೋಗಾಲಯದಲ್ಲೂ ಮಾಡುವುದು ಹೆಚ್ಚುಕಡಿಮೆ ಅದನ್ನೇ. ಆಘಾತ ತರಂಗಗಳ ಜಾಡನ್ನು ಮಸಿ ಬಳಿದ ಗಾಜಿನ ಮೇಲೆ ಹಿಡಿಯುವ ಕೆಲಸವನ್ನು 1870ರ ದಶಕದಲ್ಲೇ ಅರ್ನ್ಸ್ಟ್ ಮ್ಯಾಕ್ ಮಾಡಿದ್ದರು. ವಿಮಾನದ ವೇಗ ಹೇಳುವಾಗ ಬರುವ ‘ಮ್ಯಾಕ್’ ಅವರದೇ ಹೆಸರು. 1959ರಲ್ಲಿ ಸೋವಿಯತ್ ಸಂಶೋಧಕರಾದ ಡೆನಿಸೊವ್ ಮತ್ತು ಟ್ರೋಷಿನ್ ಕೊಳವೆಯ ಒಳಗೋಡೆಗೆ ಮಸಿ ಹಿಡಿಸಿ ಡೆಟೊನೇಷನ್ ಹಾಯಿಸಿದರು. ಅಲೆ ಹೋದ ಮೇಲೆ ಮಸಿಯಲ್ಲಿ ಉಳಿದದ್ದು ಮೀನಿನ ಹುರುಪೆಯಂಥ ಚಿತ್ತಾರ, ಒಂದರ ಪಕ್ಕ ಒಂದು ವಜ್ರಾಕಾರದ ಮನೆಗಳು.

ಅಲೆಯ ಮುಖ ಚಪ್ಪಟೆಯಾದ ಗೋಡೆಯಲ್ಲ ಎಂದು ಅಲ್ಲಿಗೆ ಖಾತ್ರಿಯಾಯಿತು. ಅದರ ಮೇಲೆ ಅಡ್ಡಡ್ಡ ಓಡುವ ಕಿರು ಆಘಾತಗಳಿವೆ. ಎರಡು ಡಿಕ್ಕಿ ಹೊಡೆದಲ್ಲಿ ಅನಿಲ ಇನ್ನಷ್ಟು ಕಾದು ಸಿಡಿಯುತ್ತದೆ, ಅಲ್ಲಿಂದ ಹೊಸ ಬಲ, ಮತ್ತೆ ಮುಂದಿನ ಡಿಕ್ಕಿ. ಆ ಡಿಕ್ಕಿಯ ಬಿಂದುಗಳೇ ಮಸಿಯನ್ನು ಕೆರೆದು ಹೋಗುವ ಸೂಜಿಗಳು. ಡೆಟೊನೇಷನ್ ಉಸಿರಾಡುತ್ತ, ಸಾಯುತ್ತ, ಮತ್ತೆ ಹುಟ್ಟುತ್ತ ಓಡುತ್ತದೆ. ಹುರುಪೆಯ ಅಳತೆ ಆ ಅನಿಲದ ಸ್ವಭಾವವನ್ನೇ ಹೇಳುತ್ತದೆ. ಗಾಳಿಯೊಂದಿಗೆ ಹೈಡ್ರೋಜನ್ ಆದರೆ ಸುಮಾರು ಒಂದು ಸೆಂಟಿಮೀಟರ್, ಪ್ರೊಪೇನ್ ಆದರೆ ಐದಾರು ಸೆಂಟಿಮೀಟರ್, ಮೀಥೇನ್ ಆದರೆ ಒಂದು ಅಡಿಯ ಆಸುಪಾಸು. ಕೊಳವೆಯಿಂದ ಬಯಲಿಗೆ ಬಿದ್ದ ಮೇಲೂ ಅಲೆ ಬದುಕಬೇಕಾದರೆ ಕೊಳವೆಯ ಅಗಲ ಸುಮಾರು 13 ಹುರುಪೆಗಳಷ್ಟು ಇರಬೇಕು ಎಂಬುದು ಪ್ರಯೋಗಗಳಿಂದ ಬಂದ ಅಂದಾಜು. ಹೈಡ್ರೋಜನ್‌ಗೆ ಗೇಣಗಲ ಸಾಕು. ಮೀಥೇನ್‌ಗೆ ಲಾರಿ ನುಗ್ಗುವಷ್ಟು ಬಾಯಿ ಬೇಕು. ಹೈಡ್ರೋಜನ್ ಇಂಧನದ ಬಗ್ಗೆ ಉತ್ಸಾಹದ ಮಾತು ಕೇಳುವಾಗಲೆಲ್ಲ ನನಗೆ ಆ ಗೇಣು ನೆನಪಾಗುತ್ತದೆ. ಇಂಧನ ಬೇಡ ಎನ್ನಲು ಅದು ಕಾರಣವಲ್ಲ. ಅದನ್ನು ತುಂಬಿಡುವ ಕಟ್ಟಡ, ಸಾಗಿಸುವ ಪೈಪು ಹೇಗಿರಬೇಕು ಎನ್ನುವುದಕ್ಕೆ ಕಾರಣ.

ಇಷ್ಟಾದರೂ ಮುಖ್ಯ ಪ್ರಶ್ನೆ ಉಳಿಯಿತು. ಅಂಬೆಗಾಲಿನ ಜ್ವಾಲೆ ಈ ಅಲೆಯಾಗುವುದು ಹೇಗೆ? ಇದಕ್ಕೆ ಉತ್ತರ ಕೊಟ್ಟದ್ದು ಒಂದು ತಂತಿಯ ಸುರುಳಿ. ಮುಂದೆ ಸೋವಿಯತ್ ಅಣುಬಾಂಬ್ ಯೋಜನೆಯ ಪ್ರಮುಖರಲ್ಲಿ ಒಬ್ಬರಾದ ಕಿರಿಲ್ ಶೆಲ್ಕಿನ್ ಕೊಳವೆಯೊಳಗೆ ತಂತಿಯನ್ನು ಸ್ಪ್ರಿಂಗಿನಂತೆ ಸುತ್ತಿ ಇಟ್ಟರು. ತಂತಿ ಅಡ್ಡ ಬಂದರೆ ಬೆಂಕಿ ತಡೆಯಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಆದದ್ದು ಅದಕ್ಕೆ ತದ್ವಿರುದ್ಧ: ಜ್ವಾಲೆ ಬಹಳ ಬೇಗ ಡೆಟೊನೇಷನ್ ಆಯಿತು. ಹಿಗ್ಗುವ ಅನಿಲ ತನ್ನ ಮುಂದಿನ ಗಾಳಿಯನ್ನು ತಳ್ಳುತ್ತದೆ, ಆ ಗಾಳಿ ತಂತಿಗೆ ಬಡಿದು ಸುಳಿ ಸುಳಿಯಾಗುತ್ತದೆ. ಸುಳಿಗೆ ಸಿಕ್ಕ ಜ್ವಾಲೆ ಸುಕ್ಕುಗಟ್ಟುತ್ತದೆ. ಸುಕ್ಕಾದ ಜ್ವಾಲೆಗೆ ಮೈ ಹೆಚ್ಚು, ಹೆಚ್ಚು ಮೈ ಎಂದರೆ ಹೆಚ್ಚು ಉರಿ, ಹೆಚ್ಚು ಉರಿ ಎಂದರೆ ಹೆಚ್ಚು ತಳ್ಳಾಟ, ಮತ್ತೆ ಹೆಚ್ಚು ಸುಳಿ. ಒತ್ತಡದ ಅಲೆಗಳು ಒಂದರ ಬೆನ್ನಿಗೊಂದು ಹತ್ತಿ ಕೊನೆಗೆ ಆಘಾತವಾಗುತ್ತವೆ.

1906ರ ಮಾರ್ಚ್ 10ರಂದು ಫ್ರಾನ್ಸಿನ ಕೂರಿಯೇರ್ ಗಣಿಯಲ್ಲಿ 1,099 ಜನ ಸತ್ತದ್ದೂ ಇಂಥದೇ ಸುತ್ತಿನಲ್ಲಿ. ಅಲ್ಲಿ ಓಡುವ ಗಾಳಿ ನೆಲದ ಕಲ್ಲಿದ್ದಲ ಧೂಳನ್ನು ಎಬ್ಬಿಸಿ ಹಿಂದಿನಿಂದ ಬರುವ ಬೆಂಕಿಗೆ ತುತ್ತು ಕೊಡುತ್ತ ಹೋಯಿತು. 1965ರಲ್ಲಿ ನಮ್ಮದೇ ದೇಶದ ಧೋರಿ ಕಲ್ಲಿದ್ದಲ ಗಣಿಯ ಸ್ಫೋಟದಲ್ಲಿ 268 ಜನ ಹೋದರು.

ಗಣಿ, ಕೊಳವೆಗಳಿಗೆ ಗೋಡೆ ಇದೆ. ಬಯಲಿನಲ್ಲಿ? 2005ರ ಡಿಸೆಂಬರ್ 11, ಭಾನುವಾರ, ಬೆಳಗಿನ ಆರು ಗಂಟೆ. ಲಂಡನ್ನಿನ ಉತ್ತರಕ್ಕೆ ಹೆಮೆಲ್ ಹೆಂಪ್‌ಸ್ಟೆಡ್ ಬಳಿಯ ಬನ್ಸ್‌ಫೀಲ್ಡ್ ತೈಲ ಸಂಗ್ರಹಾಗಾರದಲ್ಲಿ ಟ್ಯಾಂಕೊಂದರ ಮಟ್ಟ ತೋರಿಸುವ ಮೀಟರ್ ಸಿಕ್ಕಿಕೊಂಡಿತ್ತು, ಅದಕ್ಕೆ ಬೆಂಬಲವಾಗಿದ್ದ ಸ್ವಿಚ್ಚೂ ಕೆಲಸ ಮಾಡಲಿಲ್ಲ. ಟ್ಯಾಂಕ್ ತುಂಬಿ ಪೆಟ್ರೋಲ್ ಅಂಚಿನಿಂದ ಧಾರೆಯಾಗಿ ಸುರಿಯಿತು. ಗಾಳಿ ಆಡದ ಚಳಿಗಾಲದ ಬೆಳಗು. ಪೆಟ್ರೋಲ್ ಆವಿ ಆಳುದ್ದದ ಮಂಜಿನಂತೆ ನೆಲಕ್ಕಂಟಿ ಹಬ್ಬಿತು, ಪಕ್ಕದ ಕಾರು ನಿಲ್ದಾಣದವರೆಗೂ. ಆಮೇಲೆ ಹೊತ್ತಿಕೊಂಡಿತು. ಕಾರುಗಳು ಅಪ್ಪಚ್ಚಿಯಾದವು. ಭಾನುವಾರದ ನಸುಕಾದ್ದರಿಂದ ಒಬ್ಬರೂ ಸಾಯಲಿಲ್ಲ, 43 ಜನ ಗಾಯಗೊಂಡರು.

ತನಿಖೆಗಾರರಿಗೆ ಅದು ದೊಡ್ಡ ಒಗಟಾಯಿತು. ತೆರೆದ ಬಯಲಿನ ಪೆಟ್ರೋಲ್ ಆವಿ ಭಗ್ಗೆಂದು ಉರಿದು ಹೋಗಬೇಕೇ ಹೊರತು ಈ ಪರಿಯ ಒತ್ತಡ ಹುಟ್ಟಿಸಬಾರದು ಎನ್ನುತ್ತಿದ್ದವು ಅಂದಿನ ಲೆಕ್ಕಗಳು. ಅವರು ಸಾಕ್ಷಿ ಹುಡುಕಿದ್ದು ರಸ್ತೆಬದಿಯ ಮರಗಳಲ್ಲಿ. ರೆಂಬೆಗಳು ಯಾವ ದಿಕ್ಕಿಗೆ ಮುರಿದಿವೆ, ತೊಗಟೆ ಯಾವ ಬದಿಯಲ್ಲಿ ಸವೆದಿದೆ ಎಂದು ಒಂದೊಂದನ್ನೇ ನೋಡುತ್ತ ಹೋದಾಗ, ಸಾಕ್ಷಿ ಹೇಳಬೇಕಾದ ಮರಗಳೇ ಆರೋಪಿಗಳೂ ಆಗಿರುವುದು ಕಂಡಿತು. ರಸ್ತೆಯುದ್ದಕ್ಕೂ ಸಾಲುಮರ, ಅದರ ಅಡಿಯಲ್ಲಿ ದಟ್ಟ ಪೊದೆ. ಜ್ವಾಲೆ ಆ ರೆಂಬೆಗಳ ನಡುವೆ ನುಸುಳಿ, ಸುಳಿಗೆ ಸಿಕ್ಕಿ, ವೇಗ ಹೆಚ್ಚಿಸಿಕೊಂಡಿತ್ತು. ಶೆಲ್ಕಿನ್ನರ ತಂತಿಯ ಜಾಗದಲ್ಲಿ ಬೇಲಿಯ ಕೊಂಬೆಗಳು ನಿಂತಿದ್ದವು.

ನಾಲ್ಕು ವರ್ಷವೂ ತುಂಬಿರಲಿಲ್ಲ, 2009ರ ಅಕ್ಟೋಬರ್ 29ರ ಸಂಜೆ ಜೈಪುರದ ಸೀತಾಪುರ ತೈಲ ಡಿಪೋದಲ್ಲಿ ಪೆಟ್ರೋಲ್ ಸೋರಿತು. ಅಲ್ಲಿಯೂ ಗಾಳಿ ಆಡುತ್ತಿರಲಿಲ್ಲ. ಒಂದು ಗಂಟೆಗೂ ಹೆಚ್ಚು ಕಾಲ ಆವಿ ಹಬ್ಬಿ ಆಮೇಲೆ ಹೊತ್ತಿತು. 11 ಜನ ಸತ್ತರು, ಟ್ಯಾಂಕುಗಳು ಹಲವು ದಿನ ಉರಿದವು. ಡಿಪೋಗಳ ಸುತ್ತ ಹಸಿರು ಬೆಳೆಸುವುದನ್ನು ಒಳ್ಳೆಯ ಕೆಲಸವೆಂದೇ ತಿಳಿದಿದ್ದವನು ನಾನು. ಈಗ ಅಂಥ ಬೇಲಿ ಕಂಡಾಗ ಅದು ಎಷ್ಟು ದಟ್ಟವಾಗಿದೆ ಎಂದು ಕಣ್ಣು ತಾನಾಗಿ ಅಳೆಯುತ್ತದೆ.

ಮರವೂ ಇಲ್ಲ, ಗೋಡೆಯೂ ಇಲ್ಲ ಎಂದರೆ? ಈ ಪ್ರಶ್ನೆ ಖಗೋಳ ವಿಜ್ಞಾನಿಗಳನ್ನು ಕಾಡಿದೆ. ಶ್ವೇತಕುಬ್ಜಗಳ ತೂಕಕ್ಕೆ ಚಂದ್ರಶೇಖರ್ ಲೆಕ್ಕಹಾಕಿದ ಮಿತಿಯ ಹತ್ತಿರ, ಅಂದರೆ ಸೂರ್ಯನ ಸುಮಾರು 1.4 ಪಟ್ಟು ತೂಕಕ್ಕೆ ಬಂದ ಶ್ವೇತಕುಬ್ಜ ನಕ್ಷತ್ರದ ಒಡಲಲ್ಲಿ ಇಂಗಾಲ ಹೊತ್ತಿಕೊಳ್ಳುತ್ತದೆ. ಅದು ಪರಮಾಣು ಬೀಜಗಳ ಬೆಂಕಿ, ರಸಾಯನದ್ದಲ್ಲ. ಆದರೂ ಅಲ್ಲಿಯೂ ಮೊದಲು ಜ್ವಾಲೆ, ಆಮೇಲೆ ಡೆಟೊನೇಷನ್ ಎಂದುಕೊಂಡರೆ ಮಾತ್ರ ಕೆಲವು ಸೂಪರ್‌ನೋವಾಗಳ ಬೆಳಕಿಗೆ ಲೆಕ್ಕ ಸಿಗುತ್ತದೆ. ಅಲ್ಲಿ ತಂತಿ ಸುತ್ತಿಟ್ಟವರು ಯಾರು? ಸಂಶೋಧಕ ಪೊಲುಡ್ನೆಂಕೊ ಮತ್ತು ಸಂಗಡಿಗರು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಕೊಟ್ಟ ಉತ್ತರ: ಸುಳಿ ಒಂದು ಹದ ಮೀರಿದರೆ ಗೋಡೆ, ಅಡ್ಡಿ ಏನೂ ಬೇಡ, ಜ್ವಾಲೆ ತನ್ನ ಒತ್ತಡವನ್ನು ತಾನೇ ಏರಿಸಿಕೊಂಡು ಅಲೆಯಾಗಬಲ್ಲದು. ಅದನ್ನು ಅವರು ಕಂಪ್ಯೂಟರಿನಲ್ಲಷ್ಟೇ ಅಲ್ಲ, ಹೈಡ್ರೋಜನ್ ತುಂಬಿದ ಕೊಳವೆಯ ಪ್ರಯೋಗದಲ್ಲೂ ನೋಡಿದರು.

ಈ ಅಲೆಯನ್ನು ದುಡಿಸಿಕೊಳ್ಳುವ ಆಸೆಯೂ ಹಳೆಯದು. ಉಂಗುರದಂಥ ಸಂದಿಯಲ್ಲಿ ಇಂಧನ ಬಿಡುತ್ತ ಡೆಟೊನೇಷನ್ ಗಾಣದ ಎತ್ತಿನಂತೆ ಸುತ್ತುತ್ತಲೇ ಇರುವಂತೆ ಮಾಡಿದರೆ, ಅಷ್ಟೇ ಇಂಧನದಿಂದ ಹೆಚ್ಚು ನೂಕುಬಲ ಪಡೆಯಬಹುದು. ಸೆಕೆಂಡಿಗೆ ಸಾವಿರಾರು ಸುತ್ತು. ಜಪಾನ್ 2021ರ ಜುಲೈ 27ರಂದು ಇಂಥ ಎಂಜಿನ್ನನ್ನು ರಾಕೆಟ್ಟಿನಲ್ಲಿಟ್ಟು ಬಾಹ್ಯಾಕಾಶಕ್ಕೆ ಹಾರಿಸಿ ಸುಮಾರು ಆರು ಸೆಕೆಂಡು ಓಡಿಸಿ ತೋರಿಸಿತು. ಇಸ್ರೊ 2016ರ ಆಗಸ್ಟಿನಲ್ಲಿ ಪರೀಕ್ಷಿಸಿದ ಸ್ಕ್ರಾಮ್‌ಜೆಟ್ ಬೇರೆ ಜಾತಿ. ಅಲ್ಲಿ ಶಬ್ದಾತೀತವಾಗಿ ಓಡುವುದು ಗಾಳಿ, ಜ್ವಾಲೆ ನಿಂತಲ್ಲೇ ನಿಲ್ಲಬೇಕು. ಇಲ್ಲಿ ಓಡುವುದೇ ಜ್ವಾಲೆ.

ಕ್ವಾರಿಗೆ ಮರಳಿ ಬರುತ್ತೇನೆ. ಜಿಲೆಟಿನ್ ಕಡ್ಡಿಯಂಥ ಸ್ಫೋಟಕಕ್ಕೆ ಬರೀ ಬೆಂಕಿ ತಾಗಿದರೆ ಬಹಳ ಸಲ ಅದು ಉರಿದು ಮುಗಿಯುತ್ತದೆ. ಅದನ್ನು ಎಬ್ಬಿಸಲು ಆಘಾತವೇ ಬೇಕು. ಆ ಆಘಾತವನ್ನು ಕೊಡುವುದು ಕೇಪು, ಅಂದರೆ ಡಿಟೋನೇಟರ್, 1860ರ ದಶಕದಲ್ಲಿ ಆಲ್ಫ್ರೆಡ್ ನೊಬೆಲ್ ರೂಪಿಸಿದ್ದು. ಡೈನಮೈಟಿಗಿಂತ ದೊಡ್ಡ ಆವಿಷ್ಕಾರ ಅದೇ ಎಂದು ನನ್ನ ಎಣಿಕೆ. ಅದೇ ದಶಕದಲ್ಲಿ, 1864ರಲ್ಲಿ, ನೈಟ್ರೋಗ್ಲಿಸರಿನ್ ಸಿಡಿದು ಅವರ ತಮ್ಮ ಎಮಿಲ್ ಸತ್ತರು. ಕೇಪನ್ನೂ ಕಡ್ಡಿಯನ್ನೂ ಒಂದೇ ಕೋಣೆಯಲ್ಲಿಡಬಾರದು, ಒಂದೇ ಗಾಡಿಯಲ್ಲಿ ಬೇಕಾಬಿಟ್ಟಿ ಹೇರಬಾರದು ಎಂದು ಹೇಳುವುದರ ಹಿಂದೆ ಇರುವುದು ಈ ಭೌತವಿಜ್ಞಾನ. ಬೇರೆ ಬೇರೆ ಇದ್ದಾಗ ಒಂದು ಚಿಕ್ಕ ಸಿಡಿತ, ಇನ್ನೊಂದು ಬಹುಶಃ ಒಂದು ಬೆಂಕಿ. ಒಟ್ಟಿಗೆ ಇದ್ದಾಗ ಬೆಂಕಿಗೂ ಆಘಾತಕ್ಕೂ ನಡುವಿನ ಅಂತರವನ್ನು ನಾವೇ ಅಳಿಸಿರುತ್ತೇವೆ. ರಾತ್ರಿ ಹೊತ್ತು ಆ ಪೆಟ್ಟಿಗೆಗಳನ್ನು ಹೊತ್ತು ಇಳಿಸುವ ಕೂಲಿಯವನಿಗೆ ಇದನ್ನು ಅವನ ಮಾತಿನಲ್ಲಿ ಹೇಳಲು ಐದು ನಿಮಿಷ ಸಾಕು.

ಕ್ವಾರಿಯವರು ಬಳಸುವ ಇನ್ನೊಂದು ವಸ್ತು ನಾನೆಲ್ ಕೊಳವೆ. ಹುಲ್ಲುಕಡ್ಡಿಗಿಂತ ಸ್ವಲ್ಪ ದಪ್ಪದ ಪ್ಲಾಸ್ಟಿಕ್, ಒಳಗೋಡೆಗೆ ಮೀಟರಿಗೆ ಹತ್ತಿಪ್ಪತ್ತು ಮಿಲಿಗ್ರಾಂ ಸ್ಫೋಟಕದ ಪುಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಜಗದೀಶ್ ಮತ್ತು ಸಂಗಡಿಗರು ಅದರದೇ ಒಂದು ತುಂಡಿನಿಂದ ಕಿರು ಆಘಾತ ತರಂಗ ಎಬ್ಬಿಸಿ, ಸೂಜಿ ಇಲ್ಲದೆ ಇಲಿಗಳ ಚರ್ಮದೊಳಕ್ಕೆ ಲಸಿಕೆ ಸೇರಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಕ್ವಾರಿಯಲ್ಲಿ ಆ ಕೊಳವೆಯ ಕೆಲಸ ದೂರದ ಕೇಪಿಗೆ ಸುದ್ದಿ ಮುಟ್ಟಿಸುವುದು. ಒಂದು ತುದಿಯಲ್ಲಿ ಹೊಡೆದರೆ ಅಲೆ ಸೆಕೆಂಡಿಗೆ ಸುಮಾರು 2,000 ಮೀಟರ್ ವೇಗದಲ್ಲಿ ಒಳಗೊಳಗೇ ಓಡಿ ಕುಳಿಯೊಳಗಿನ ಕೇಪನ್ನು ಮುಟ್ಟುತ್ತದೆ. ಅದು ಹಾದುಹೋಗುವಾಗ ಕೊಳವೆ ಒಡೆಯುವುದಿಲ್ಲ, ಕರಗುವುದೂ ಇಲ್ಲ. ಒಳಗೋಡೆಗೆ ತೆಳುವಾಗಿ ಮಸಿ ಹತ್ತಿರುತ್ತದೆ, ಅಷ್ಟೆ.